ಇಪ್ಪತ್ತು ಹುಟ್ಟು, ಒಂದೇ ಏಟು

ಕೃಷ್ಣೆಯ ಹರಿಗೋಲು ಗಿರಗಿರನೆ ತಿರುಗುತ್ತಲೇ ದಡ ಸೇರುತ್ತದೆ. ಚೀನಾದ ಡ್ರ್ಯಾಗನ್ ದೋಣಿ ಗೆರೆ ಎಳೆದಷ್ಟು ನೇರ ಓಡುತ್ತದೆ. ಎರಡಕ್ಕೂ ಬೇಕಾದದ್ದು ಕೈಯಲ್ಲಿ ಹಿಡಿಯುವ ಒಂದು ಹುಟ್ಟು. ತೋಳ್ಬಲ ನಂಬಿದವರು ಸೋತು, ತಾಳ ಹಿಡಿದವರು ಗೆಲ್ಲುವ ಈ ಜಲಪಂದ್ಯವನ್ನು ರಾಯಚೂರು ದೋಆಬಿನ ದಡದಲ್ಲಿ ನಿಂತು ನೋಡಿದರೆ ಹೇಗೆ ಕಾಣುತ್ತದೆ?

ಶ್ರಾವಣದಲ್ಲಿ ಪ್ರವಾಹ ಇಳಿದ ಮೇಲೂ ಕೃಷ್ಣೆ ವಾರಗಟ್ಟಲೆ ಕಂದು ಬಣ್ಣದಲ್ಲೇ ಹರಿಯುತ್ತಾಳೆ. ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಯೊಂದರ ದಡ. ಬೋರಲು ಹಾಕಿದ್ದ ಹರಿಗೋಲನ್ನು ಇಬ್ಬರು ಎತ್ತಿ ನೀರಿಗೆ ಬಿಡುತ್ತಾರೆ. ಒಳಗೆ ಎರಡು ಗೊಬ್ಬರದ ಚೀಲ, ಒಂದು ಹಾಲಿನ ಕ್ಯಾನು, ಒಂದು ಆಡು, ನಾಲ್ಕು ಮಂದಿ ಹೆಣ್ಣುಮಕ್ಕಳು. ‘ಯಕ್ಕಾ, ನಿಂದರಬ್ಯಾಡ್ರಿ, ನಡುವ ಕುಂದರ್ರಿ’ ಎಂದು ಅಂಬಿಗ ಗದರುತ್ತಾನೆ. ಆಡಿಗೂ ಸೇರಿಸಿಯೇ ಹೇಳಿದಂತಿರುತ್ತದೆ ಆ ಮಾತು.

ಅವನು ಮುಂದಿನ ಅಂಚಿಗೆ ಮೊಣಕಾಲೂರುತ್ತಾನೆ. ಹುಟ್ಟನ್ನು ಮುಂದಕ್ಕೆ ಚಾಚಿ, ನೀರಿಗೆ ಇಳಿಸಿ, ಎದೆಯತ್ತ ಎಳೆದುಕೊಳ್ಳುತ್ತಾನೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಪ್ರತಿ ಎಳೆತಕ್ಕೂ ಹರಿಗೋಲು ಸುತ್ತು ಹೊಡೆಯಲು ನೋಡುತ್ತದೆ. ಮರು ಎಳೆತದಲ್ಲಿ ಅವನು ಅದನ್ನು ಹಿಂದಕ್ಕೆ ತಿರುಗಿಸುತ್ತಾನೆ. ಸೆಳವು ಬುಟ್ಟಿಯನ್ನು ಕೆಳಕ್ಕೆ ಒಯ್ಯುತ್ತಿರುತ್ತದೆ. ಆದ್ದರಿಂದಲೇ ಅವನು ಹೊರಡುವ ಮುನ್ನ ದಡದುದ್ದಕ್ಕೂ ಮೇಲಕ್ಕೆ ನಡೆದು ಹೋಗಿದ್ದು. ಎದುರಿನ ದಡದಲ್ಲಿ ಎಲ್ಲಿ ಇಳಿಯಬೇಕೆಂಬ ಲೆಕ್ಕ ಈಚೆ ದಡದಲ್ಲೇ ಮುಗಿದಿರುತ್ತದೆ.

ಈಗ ಅದೇ ಹುಟ್ಟನ್ನು ಇಪ್ಪತ್ತು ಜನರ ಕೈಗೆ ಕೊಡಿ. ದುಂಡನೆಯ ಬುಟ್ಟಿಯ ಜಾಗದಲ್ಲಿ 12 ಮೀಟರಿಗೂ ಉದ್ದದ, ಒಂದು ಮೀಟರಿಗಿಂತ ಸ್ವಲ್ಪವೇ ಅಗಲದ ದೋಣಿ ಇಡಿ. ಮುಂದೆ ಡ್ರ್ಯಾಗನ್ನಿನ ತಲೆ, ಹಿಂದೆ ಬಾಲ. ಹತ್ತು ಹಲಗೆಗಳ ಮೇಲೆ ಇಬ್ಬಿಬ್ಬರಂತೆ ಇಪ್ಪತ್ತು ಜನ ಸೊಂಟಕ್ಕೆ ಸೊಂಟ ತಾಗಿಸಿ ಕುಳಿತಿದ್ದಾರೆ. ಮೂತಿಯ ಬಳಿ ಡೋಲಿನವರು ಎಲ್ಲರಿಗೂ ಮುಖ ಕೊಟ್ಟು ಕೂತಿದ್ದರೆ, ಹಿಂತುದಿಯಲ್ಲಿ ಚುಕ್ಕಾಣಿಯವರು ಉದ್ದನೆಯ ಹುಟ್ಟು ಹಿಡಿದು ನಿಂತಿದ್ದಾರೆ. ಒಟ್ಟು 22 ಜನ. ಎಲ್ಲರೂ ಮುಂದಕ್ಕೆ ಬಾಗಿ, ಹುಟ್ಟಿನ ಅಲಗನ್ನು ನೀರಿನಲ್ಲಿ ಮುಳುಗಿಸಿಟ್ಟು ಉಸಿರು ಬಿಗಿಹಿಡಿದಿದ್ದಾರೆ. ಭೋಂ ಎಂದು ಹಾರ್ನ್ ಕೂಗುತ್ತದೆ.

ಮುಂದಿನ ಎರಡು ನಿಮಿಷದಲ್ಲಿ, 500 ಮೀಟರಿನ ಪಂದ್ಯವಾದರೆ, ಎಲ್ಲವೂ ಮುಗಿದಿರುತ್ತದೆ.

ಅಶೋಕನಿಗೂ ಹಿಂದಿನ ಕವಿ

ಚೀನೀ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನ ಡುವಾನ್‌ವು ಹಬ್ಬ. ನಮ್ಮ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಜ್ಯೇಷ್ಠ ಶುದ್ಧ ಪಂಚಮಿಯ ಹೊತ್ತಿಗೆ ಬೀಳುತ್ತದೆ. ಅಂದರೆ ಸಿಂಧನೂರು, ಮಸ್ಕಿ ಸೀಮೆಯ ರೈತರು ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಲು ಇನ್ನು ಹತ್ತು ದಿನ ಇದೆ ಎನ್ನುವಾಗ ಅಲ್ಲಿ ದೋಣಿಗಳು ನೀರಿಗಿಳಿಯುತ್ತವೆ. ಇಲ್ಲಿ ಕರಿ ಹರಿಯಲು ಎತ್ತುಗಳು ಓಡಬೇಕು, ಅಲ್ಲಿ ಡ್ರ್ಯಾಗನ್.

ಹಬ್ಬದ ಹಿಂದಿನ ಕಥೆ ಕವಿಯೊಬ್ಬನದು. ಚೂ ರಾಜ್ಯದ ಮಂತ್ರಿಯಾಗಿದ್ದ ಚ್ಯು ಯುವಾನ್ ಆಸ್ಥಾನದ ಒಳಸಂಚಿಗೆ ಸಿಕ್ಕಿ ಗಡಿಪಾರಾದ. ರಾಜಧಾನಿ ಚಿನ್ ಸೇನೆಯ ವಶವಾಯಿತೆಂಬ ಸುದ್ದಿ ಕೇಳಿ ಮಿಲುವೊ ನದಿಗೆ ಹಾರಿದ. ಪರಂಪರೆ ಹೇಳುವ ಕಾಲ ಕ್ರಿ.ಪೂ. 278. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಕೊರೆಯಲು ಇನ್ನೂ ಸುಮಾರು ಎರಡು ದಶಕ ಬಾಕಿ ಇತ್ತು.

ಕವಿಯನ್ನು ಉಳಿಸಲು ಮೀನುಗಾರರು ದೋಣಿ ಹತ್ತಿ ಧಾವಿಸಿದರಂತೆ. ಸಿಗಲಿಲ್ಲ. ಶವವನ್ನು ಮೀನು ಮುಟ್ಟದಿರಲೆಂದು ಡೋಲು ಬಡಿದರು, ನೀರಿಗೆ ಅನ್ನ ಎರಚಿದರು. ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ‘ಝೊಂಗ್‌ಝಿ’ ಇವತ್ತಿಗೂ ಆ ಹಬ್ಬದ ತಿನಿಸು. ಸಿಂಧನೂರಿನ ಸೋನಾ ಮಸೂರಿ ಅದಕ್ಕೆ ಒಗ್ಗುವುದಿಲ್ಲ. ಉದುರುದುರು ಅನ್ನ ಎಲೆಯೊಳಗೆ ಗಂಟು ಕಟ್ಟದು.

ಇತಿಹಾಸಕಾರರು ಈ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಮಳೆ, ಬೆಳೆ, ರೋಗರುಜಿನಗಳಿಗೆ ಸಂಬಂಧಿಸಿದ ನದೀಪೂಜೆ ಕವಿಗಿಂತ ಹಳೆಯದು ಎಂಬುದು ಅವರ ವಾದ. ಅದೇನೇ ಇರಲಿ, 2009ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಬ್ಬ ಕ್ರೀಡೆಯಾದದ್ದು ಹಾಂಗ್‌ಕಾಂಗ್‌ನಲ್ಲಿ. 1976ರಲ್ಲಿ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಸ್ಥಳೀಯ ಮೀನುಗಾರರ ಎದುರು ಜಪಾನಿನ ನಾಗಸಾಕಿಯ ತಂಡವನ್ನು ಕರೆಸಿ ಸ್ಪರ್ಧೆ ನಡೆಸಿತು. ಪ್ರವಾಸಿಗರನ್ನು ಸೆಳೆಯಲು ಹೂಡಿದ ಉಪಾಯ ಅದು. 1991ರಲ್ಲಿ ಅಂತರರಾಷ್ಟ್ರೀಯ ಡ್ರ್ಯಾಗನ್ ಬೋಟ್ ಫೆಡರೇಷನ್ ಹುಟ್ಟಿತು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಪಟ್ಟಿಗೂ ಬಂತು. ಚೀನಾದ ನೆಲದಲ್ಲಿ, ಚೀನಾದ ಆಟದಲ್ಲಿ, ಪುರುಷರ ಮೂರೂ ಚಿನ್ನ ಗೆದ್ದದ್ದು ಇಂಡೊನೇಷ್ಯಾ!

[ಬಾಕ್ಸ್] ದೋಣಿಯ ಜಾತಕ

• ದೊಡ್ಡ ದೋಣಿ: ಹುಟ್ಟಿಗೆ 20, ಡೋಲಿಗೆ 1, ಚುಕ್ಕಾಣಿಗೆ 1. ಸಣ್ಣ ದೋಣಿಯಲ್ಲಿ ಹುಟ್ಟಿಗೆ 10 ಜನ, ಒಟ್ಟು 12.

• ಪಂದ್ಯದ ದೂರ: 200, 500, 1000 ಮತ್ತು 2000 ಮೀಟರ್. 2000 ಮೀಟರಿನಲ್ಲಿ ತಿರುವುಗಳೂ ಇರುತ್ತವೆ. ಚುಕ್ಕಾಣಿಯವರ ಮರ್ಯಾದೆ ಉಳಿಯುವುದೂ ಹೋಗುವುದೂ ಅಲ್ಲೇ.

• ಹುಟ್ಟಿನ ಉದ್ದ 105ರಿಂದ 130 ಸೆಂಟಿಮೀಟರ್; ಅಲಗಿನ ಅಗಲ 18 ಸೆಂಟಿಮೀಟರಿಗೆ ಸೀಮಿತ. ಅಗಲದ ಅಲಗು ಹಿಡಿದು ಯಾರೂ ಲಾಭ ಮಾಡಿಕೊಳ್ಳುವಂತಿಲ್ಲ.

• ಹೊಸ ದೋಣಿ ನೀರಿಗಿಳಿಯುವ ಮುನ್ನ ಡ್ರ್ಯಾಗನ್ನಿನ ಕಣ್ಣಿಗೆ ಬಣ್ಣದ ಚುಕ್ಕೆ ಇಟ್ಟು ಅದಕ್ಕೆ ‘ದೃಷ್ಟಿ’ ಕೊಡುವ ಶಾಸ್ತ್ರವಿದೆ.

ತೋಳಿಗೆ ಕೆಲಸ ಕಡಿಮೆ

ಮೊದಲ ಬಾರಿ ಡ್ರ್ಯಾಗನ್ ದೋಣಿ ಹತ್ತಿದವರು ಮಾಡುವ ತಪ್ಪು ಒಂದೇ: ತೋಳಿನಿಂದ ಎಳೆಯುವುದು. ಜಿಮ್‌ನಲ್ಲಿ ಬೆಳೆಸಿದ ಭುಜ ಮೊದಲ ನಿಮಿಷದಲ್ಲೇ ಬೆಂಕಿ ಹತ್ತಿದಂತೆ ಉರಿಯತೊಡಗುತ್ತದೆ. ದೋಣಿ ಮಾತ್ರ ಕದಲಿದ್ದು ಕಡಿಮೆ.

ಕುಳಿತುಕೊಳ್ಳುವಲ್ಲಿಂದಲೇ ಪಾಠ ಶುರು. ಎಡಬದಿಯಲ್ಲಿ ಕೂತವರ ಎಡ ಸೊಂಟ ದೋಣಿಯ ಅಂಚಿಗೆ ಒತ್ತಿರಬೇಕು. ಹೊರಗಿನ ಕಾಲು ಮುಂದೆ ಚಾಚಿ ಮುಂದಿನ ಹಲಗೆಯ ಬುಡಕ್ಕೆ ಊರಿರಬೇಕು. ಬಲಗೈ ಹುಟ್ಟಿನ ತುದಿಯ ಹಿಡಿಯ ಮೇಲೆ, ಎಡಗೈ ಅಲಗಿನ ಕತ್ತಿಗಿಂತ ತುಸು ಮೇಲೆ. ಎರಡೂ ಕೈ ನೀರಿನ ಮೇಲೆ, ಅಂದರೆ ದೋಣಿಯ ಅಂಚಿನಾಚೆ ಇರಬೇಕು. ಆಗ ಮಾತ್ರ ಹುಟ್ಟು ಕಂಬದಷ್ಟು ನೆಟ್ಟಗೆ ನಿಲ್ಲುತ್ತದೆ. ಓರೆಯಾದರೆ ಅದು ನೀರನ್ನು ಹಿಂದಕ್ಕೆ ತಳ್ಳುವ ಬದಲು ಪಕ್ಕಕ್ಕೆ ತಳ್ಳುತ್ತದೆ, ದೋಣಿ ಮೂತಿ ತಿರುಗಿಸುತ್ತದೆ.

ಇನ್ನು ಏಟು. ಹೊರಭುಜ ಮುಂದೆ ಹೋಗುವಂತೆ ಬೆನ್ನುಮೂಳೆಯನ್ನೇ ತಿರುಚಬೇಕು. ದಡದಲ್ಲಿ ನಿಂತವರಿಗೆ ನಿಮ್ಮ ಬೆನ್ನು ಕಾಣುವಷ್ಟು ತಿರುಚಿದರೆ ಸರಿ ಎನ್ನುತ್ತಾರೆ ತರಬೇತುದಾರರು. ಅಲಗು ಮುಂದೆ ಕೂತವರ ಸೊಂಟದ ಹತ್ತಿರಕ್ಕೆ ಹೋಗುತ್ತದೆ. ಅಲ್ಲಿ ನೀರಿಗಿಳಿಸಿ, ಪೂರ್ತಿ ಮುಳುಗಿಸಿ, ಆಮೇಲೆ ಎಳೆತ. ಈ ‘ಆಮೇಲೆ’ ಎನ್ನುವುದೇ ಕಷ್ಟ. ಅಲಗು ಅರ್ಧ ಮುಳುಗಿದಾಗಲೇ ಎಳೆಯಲು ಕೈ ತವಕಿಸುತ್ತದೆ. ಆಗ ನೀರಿನ ಜತೆ ಗಾಳಿಯೂ ಸೇರಿ ಅಲಗು ಜಾರುತ್ತದೆ, ತುಂತುರು ಏಳುತ್ತದೆ. ದಡದಲ್ಲಿದ್ದವರಿಗೆ ಆ ತುಂತುರು ಶೌರ್ಯದಂತೆ ಕಾಣಬಹುದು. ಬಲ್ಲವರಿಗೆ ಅದು ಸೋರಿಹೋದ ಶಕ್ತಿ.

ಎಳೆತ ಎನ್ನುವುದು ತಿರುಚಿದ ಬೆನ್ನು ಬಿಚ್ಚಿಕೊಳ್ಳುವುದು. ಮೇಲಿನ ಕೈ ಹುಟ್ಟನ್ನು ಕೆಳಕ್ಕೆ ಒತ್ತುತ್ತದೆ, ಕಾಲು ದೋಣಿಯನ್ನು ತುಳಿಯುತ್ತದೆ, ಬೆನ್ನು ಮತ್ತು ಪಕ್ಕೆಯ ದೊಡ್ಡ ಸ್ನಾಯುಗಳು ಉಳಿದದ್ದನ್ನು ಮಾಡುತ್ತವೆ. ತೋಳುಗಳು ಬರೀ ಕೊಕ್ಕೆ. ನೋಡಲು ಹುಟ್ಟು ಹಿಂದಕ್ಕೆ ಬಂದಂತೆ ಕಂಡರೂ ನಡೆಯಬೇಕಾದದ್ದು ಬೇರೆ: ಹುಟ್ಟು ನೀರಿನಲ್ಲಿ ನೆಟ್ಟಲ್ಲೇ ನಿಂತು, ದೋಣಿ ಅದರ ಹತ್ತಿರಕ್ಕೆ ಬರಬೇಕು. ಹುಟ್ಟು ಎಷ್ಟು ಕಡಿಮೆ ಸರಿದೀತೋ ದೋಣಿ ಅಷ್ಟು ಹೆಚ್ಚು ಓಡೀತು.

ಸೊಂಟದ ಬಳಿ ಅಲಗು ಹೊರಗೆ. ಅದನ್ನು ದಾಟಿ ಎಳೆದರೆ ಅಲಗು ನೀರನ್ನು ಮೇಲಕ್ಕೆತ್ತತೊಡಗುತ್ತದೆ. ಅದಕ್ಕೆ ಪ್ರತಿಯಾಗಿ ದೋಣಿ ಕೆಳಕ್ಕೆ ಕುಸಿಯುತ್ತದೆ. ಇಪ್ಪತ್ತು ಜನ ಹೀಗೆ ಮಾಡಿದರೆ ದೋಣಿ ಪ್ರತಿ ಏಟಿಗೂ ಮುಗ್ಗರಿಸುತ್ತದೆ. ಆಮೇಲೆ ಕೈಗಳು ನೀರಿಗೆ ಹತ್ತಿರವಾಗಿಯೇ ಮುಂದಕ್ಕೆ ಮರಳಬೇಕು. ಅದೊಂದೇ ಕ್ಷಣ ಸ್ನಾಯುಗಳಿಗೆ ವಿರಾಮ. ಪಂದ್ಯದಲ್ಲಿ ಇಷ್ಟೆಲ್ಲ ನಡೆಯಬೇಕಾದದ್ದು ಒಂದು ಸೆಕೆಂಡಿನೊಳಗೆ. ನಿಮಿಷಕ್ಕೆ 60ರಿಂದ 80 ಏಟು, ಕೊನೆಯ ಹಂತದಲ್ಲಿ ಇನ್ನೂ ಹೆಚ್ಚು.

ನಿಂತ ದೋಣಿಯನ್ನು ಕದಲಿಸುವುದು ಬೇರೆಯದೇ ವಿದ್ಯೆ. ಜನ, ದೋಣಿ ಸೇರಿ ಒಂದೂವರೆ ಟನ್ ಮೀರಿದ ಭಾರ. ಎರೆಹೊಲದ ಕೆಸರಿನಲ್ಲಿ ಹೂತ ಬಂಡಿಯನ್ನು ಎತ್ತುಗಳು ಹೇಗೆ ಮೊದಲು ಭುಜ ಕೊಟ್ಟು ಒಂದೇ ಸಮನೆ ಜಗ್ಗುತ್ತವೆಯೋ ಹಾಗೆ, ಮೊದಲ ಐದಾರು ಏಟು ನಿಧಾನ, ಆಳ, ಉದ್ದ. ದೋಣಿ ಎದ್ದ ಮೇಲೆ ಹದಿನೈದು-ಇಪ್ಪತ್ತು ಚುರುಕಿನ ಗಿಡ್ಡ ಏಟು. ಅದಾದ ಮೇಲೆ ಪಂದ್ಯದ ಲಯ. ಶುರುವಿನಲ್ಲೇ ಕೈ ಬೀಸಿ ಚುರುಕು ತೋರಿಸುವ ತಂಡ ಮೊದಲ ನೂರು ಮೀಟರ್ ಮುಂದಿರಬಹುದು; ನಾನೂರನೆಯ ಮೀಟರಿನಲ್ಲಿ ಅದರ ಮುಖ ನೋಡಬೇಕು.

ಡೋಲು ನಂಬಬೇಡಿ, ಕಣ್ಣು ನಂಬಿ

ನೋಡುಗರಿಗೆ ಡೋಲಿನವರೇ ತಾಳ ಕೊಡುವವರು. ದೋಣಿಯೊಳಗಿನ ವ್ಯವಹಾರ ತಿರುಗುಮುರುಗು. ತಾಳ ಹುಟ್ಟುವುದು ಮೊದಲ ಹಲಗೆಯ ಇಬ್ಬರಲ್ಲಿ. ಅವರ ಅಲಗು ನೀರಿಗೆ ಬೀಳುವುದನ್ನು ನೋಡಿ ಡೋಲಿನವರು ಬಡಿಯುತ್ತಾರೆ. ಹಿಂದಿನವರು ಡೋಲಿನ ಸದ್ದಿಗೆ ಕಾದು ಹುಟ್ಟು ಹಾಕಿದರೆ ಒಂದು ಚೂರು ತಡವಾಗಿಯೇ ಬಿಡುತ್ತದೆ. ಅದಕ್ಕೇ ಪ್ರತಿಯೊಬ್ಬರ ಕಣ್ಣೂ ಎದುರು ಬದಿಯ ಮುಂದಿನವರ ಹುಟ್ಟಿನ ಮೇಲಿರಬೇಕು ಎಂಬ ನಿಯಮ. ಪಕ್ಕದ ದೋಣಿ ಎಲ್ಲಿದೆ ಎಂದು ಒಂದು ಸಲ ತಿರುಗಿ ನೋಡಿದರೂ ಸಾಕು, ಸರಪಳಿ ಕಡಿಯುತ್ತದೆ.

ಯಾರನ್ನು ಎಲ್ಲಿ ಕೂರಿಸಬೇಕೆಂಬುದೂ ಲೆಕ್ಕಾಚಾರವೇ. ಮುಂದಿನ ಹಲಗೆಗಳಿಗೆ ಹಗುರ ಮೈಯ, ಉದ್ದ ಚಾಚುವ, ತಾಳ ತಪ್ಪದವರು. ದೋಣಿ ಅಗಲವಾಗಿರುವ ನಡುವೆ ದಪ್ಪ ಮೈಯ ಬಲಶಾಲಿಗಳು. ತಂಡದವರು ಅದನ್ನು ‘ಎಂಜಿನ್ ಕೋಣೆ’ ಎನ್ನುತ್ತಾರೆ. ಹಿಂದಿನ ಹಲಗೆಗಳ ಕಷ್ಟ ಬೇರೆ. ಅಲ್ಲಿಗೆ ಬರುವ ಹೊತ್ತಿಗೆ ನೀರು ಮುಂದಿನವರ ಏಟು ತಿಂದು ಆಗಲೇ ಓಡುತ್ತಿರುತ್ತದೆ. ಓಡುವ ನೀರನ್ನು ಹಿಡಿಯಲು ಇನ್ನೂ ಚುರುಕಿನ ಕೈ ಬೇಕು. ಎಡಬಲಗಳ ತೂಕ ಸರಿತೂಗದಿದ್ದರೆ ಪಂದ್ಯಕ್ಕೆ ಮುನ್ನವೇ ಜಾಗ ಬದಲಾಯಿಸುತ್ತಾರೆ.

ಈ ಹೊಂದಿಕೆಯ ಬೆಲೆ ಜಗತ್ತಿಗೆ ಕಂಡದ್ದು 2018ರ ಆಗಸ್ಟ್‌ನಲ್ಲಿ. ಏಷ್ಯನ್ ಕ್ರೀಡಾಕೂಟಕ್ಕೆ ಉತ್ತರ ಮತ್ತು ದಕ್ಷಿಣ ಕೊರಿಯಾ ಒಂದೇ ಡ್ರ್ಯಾಗನ್ ದೋಣಿಯಲ್ಲಿ ಜನ ಕೂರಿಸಲು ಒಪ್ಪಿದವು. ಉತ್ತರದವರು ಜುಲೈ ಕೊನೆಗೆ ದಕ್ಷಿಣದ ಚುಂಗ್‌ಜುವಿಗೆ ಬಂದಿಳಿದರು. ಜೊತೆಗೆ ತಾಲೀಮು ನಡೆಸಲು ಸಿಕ್ಕಿದ್ದು ಮೂರು ವಾರದ ಆಸುಪಾಸು. ಯುದ್ಧ ಮುಗಿಸಲು ಒಪ್ಪಂದಕ್ಕೆ ಇನ್ನೂ ಸಹಿ ಹಾಕದ ಎರಡು ದೇಶಗಳ ಹೆಣ್ಣುಮಕ್ಕಳು ಒಬ್ಬರ ಹುಟ್ಟನ್ನು ಒಬ್ಬರು ನೋಡುತ್ತ ಏಟು ಹಾಕುವುದನ್ನು ಕಲಿತರು. ಆಗಸ್ಟ್ 26ರಂದು ಪಾಲೆಂಬಾಂಗ್‌ನ ಜಕಬಾರಿಂಗ್ ಸರೋವರದಲ್ಲಿ ಮಹಿಳೆಯರ 500 ಮೀಟರಿನಲ್ಲಿ ಚಿನ್ನ ಗೆದ್ದರು. ಬಹುಕ್ರೀಡಾ ಕೂಟವೊಂದರಲ್ಲಿ ಜಂಟಿ ಕೊರಿಯಾಕ್ಕೆ ಅದೇ ಮೊದಲ ಚಿನ್ನ. ರಾಷ್ಟ್ರಗೀತೆಯ ಜಾಗದಲ್ಲಿ ಎರಡೂ ಕಡೆಯವರ ಜನಪದ ಗೀತೆ ‘ಅರಿರಾಂಗ್’ ನುಡಿಸಿದರು. ರಾಜತಾಂತ್ರಿಕರ ಮಾತುಕತೆ ಆಮೇಲೆ ಎಲ್ಲಿಗೆ ಹೋಯಿತೆಂಬುದು ಬೇರೆ ಕಥೆ.

[ಬಾಕ್ಸ್] ವ್ಯಾಂಕೂವರ್‌ನ 24 ಮಹಿಳೆಯರು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರು ತೋಳಿಗೆ ಶ್ರಮ ಕೊಟ್ಟರೆ ಕೈ ಊದಿಕೊಳ್ಳುತ್ತದೆ, ಆದ್ದರಿಂದ ಭಾರ ಎತ್ತಬಾರದು ಎಂಬುದು ಬಹುಕಾಲದ ವೈದ್ಯಕೀಯ ಎಚ್ಚರಿಕೆಯಾಗಿತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಡಾನ್ ಮೆಕೆಂಜಿ ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಡ್ರ್ಯಾಗನ್ ದೋಣಿ. 1996ರಲ್ಲಿ ಕ್ಯಾನ್ಸರ್ ಗೆದ್ದ 24 ಮಹಿಳೆಯರಿಗೆ ತಾಲೀಮು ಕೊಟ್ಟು ಹುಟ್ಟು ಹಿಡಿಸಿದರು. ಯಾರಿಗೂ ಹೊಸದಾಗಿ ಊತ ಬರಲಿಲ್ಲ. ‘ಅಬ್ರೆಸ್ಟ್ ಇನ್ ಎ ಬೋಟ್’ ಎಂಬ ಆ ತಂಡದ ಹಿಂದೆಯೇ ಜಗತ್ತಿನ ಹಲವು ದೇಶಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡವು. ಇವತ್ತು ಅವುಗಳದ್ದೇ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ.

ನದಿಗೆ ತಕ್ಕ ದೋಣಿ

ಎರಡು ಹೊಳೆಗಳ ನಡುವಿನ ನಾಡು ರಾಯಚೂರು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಇಷ್ಟು ನೀರಿದ್ದೂ ಇಲ್ಲಿ ಉದ್ದನೆಯ ದೋಣಿ ಏಕೆ ಹುಟ್ಟಲಿಲ್ಲ?

ಉತ್ತರ ಜಲದುರ್ಗದ ಕೋಟೆಯ ಮೇಲೆ ನಿಂತರೆ ಕಾಣುತ್ತದೆ. ನಾರಾಯಣಪುರದಿಂದ ಕೆಳಗೆ ಕೃಷ್ಣೆ ಒಂದೇ ಹರಿವಾಗಿ ಇರುವುದಿಲ್ಲ. ಬಂಡೆಗಳ ನಡುವೆ ಸೀಳಿಕೊಂಡು, ಕವಲೊಡೆದು, ಮತ್ತೆ ಕೂಡಿಕೊಂಡು ಇಳಿಯುತ್ತದೆ. ಆ ಕವಲುಗಳ ನಡುವೆ ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿಯಂಥ ನಡುಗಡ್ಡೆಗಳು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾದ ಜಾಗ ಮಳೆಗಾಲದಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ ನೀರಿನ ದಾರಿ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಗೇಟು ಎತ್ತಿದರೆ ಶೀಲಹಳ್ಳಿ ಸೇತುವೆ ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ.

ಇಂಥ ನದಿಯಲ್ಲಿ 40 ಅಡಿ ಉದ್ದದ ದೋಣಿ ಬಿಟ್ಟರೆ ಮೊದಲ ತಿರುವಿನಲ್ಲೇ ಬಂಡೆಗೆ ಅಡ್ಡ ಸಿಕ್ಕಿ ಮುರಿದೀತು. ಬಿದಿರಿನ ಬುಟ್ಟಿ ಮುರಿಯುವುದಿಲ್ಲ. ಬಂಡೆಗೆ ತಾಗಿದರೆ ಬಳುಕಿ, ಒಂದು ಸುತ್ತು ತಿರುಗಿ ಪಾರಾಗುತ್ತದೆ. ಗೇಣುದ್ದ ನೀರಿದ್ದರೂ ತೇಲುತ್ತದೆ. ನೀರೇ ಇಲ್ಲದ ಕಡೆ ತಲೆಯ ಮೇಲೆ ಹೊತ್ತು ನಡೆಯಬಹುದು. ಸೀಳಿದ ಬಿದಿರು ನೇಯ್ದು ಹೊರಗೆ ಚರ್ಮ ಹೊದಿಸುತ್ತಿದ್ದ ಕಾಲ ಹೋಗಿ ತಾಡಪತ್ರಿ, ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ಆಕಾರ ಮಾತ್ರ ಅದೇ.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ಈ ಬುಟ್ಟಿಗಳನ್ನು ಕಂಡು ಬೆರಗಾಗಿದ್ದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕೆಂದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಾರೆ ಎಂದು ಬರೆದ. ಉಳಿದ ದೋಣಿಗಳಂತೆ ಇವು ನೆಟ್ಟಗೆ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಬಿಡದೆ ದಾಖಲಿಸಿದ. ಹಡಗುಗಳ ದೇಶದಿಂದ ಬಂದವನಿಗೆ ಅದು ಕೊರತೆಯಾಗಿ ಕಂಡಿರಬೇಕು. 1803ರ ಮರಾಠಾ ಯುದ್ಧದ ಹೊತ್ತಿಗೆ ಇಲ್ಲಿನ ನದಿಗಳನ್ನು ದಾಟಬೇಕಾಗಿ ಬಂದ ಆರ್ಥರ್ ವೆಲ್ಲೆಸ್ಲಿಗೆ ಹಾಗೆ ಕಾಣಲಿಲ್ಲ. ಅವನು ಸೇನೆಗೆಂದು ಬುಟ್ಟಿ ದೋಣಿಗಳನ್ನೇ ಕಟ್ಟಿಸಿಕೊಂಡ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ.

ಬುಟ್ಟಿ ಸುತ್ತುವುದಕ್ಕೆ ಕಾರಣ ಸರಳ. ದುಂಡಗಿನ ತಳಕ್ಕೆ ಹಿಂದು-ಮುಂದು ಇಲ್ಲ. ಪಕ್ಕದಿಂದ ಒಂದು ಏಟು ಹಾಕಿದರೆ ಅದನ್ನು ತಡೆಯುವ ಉದ್ದ ನೀರಿನಲ್ಲಿ ಇಲ್ಲ. ಆದ್ದರಿಂದ ಅಂಬಿಗ ಪಕ್ಕದಲ್ಲಿ ಕೂರದೆ ಮುಂದೆ ಕೂತು, ಬುಟ್ಟಿಯನ್ನು ಹುಟ್ಟಿನ ಕಡೆಗೆ ಎಳೆದುಕೊಳ್ಳುತ್ತಾನೆ. ಡ್ರ್ಯಾಗನ್ ದೋಣಿಯ ತರಬೇತುದಾರರು ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡು ಕಲಿಸುವ ‘ಹುಟ್ಟು ನೆಟ್ಟು ದೋಣಿ ಎಳೆ’ ಎಂಬ ಪಾಠ ಜಲದುರ್ಗದ ಕೆಳಗಿನ ಹುಡುಗನಿಗೆ ಹತ್ತನೆಯ ವಯಸ್ಸಿಗೇ ಕೈಗತ.

ಕೇರಳದ ನೀರು ಬೇರೆ. ಹಿನ್ನೀರು ನಿಂತಿದೆ, ಬಂಡೆಯಿಲ್ಲ. ಅಲ್ಲಿ ನೂರಡಿ ಮೀರಿದ ಚುಂಡನ್ ವಳ್ಳಂ ಹುಟ್ಟಿತು. 1952ರಲ್ಲಿ ಆಲಪ್ಪುಳಕ್ಕೆ ಬಂದ ನೆಹರೂ ಅವರ ಎದುರು ನಡೆದ ಓಟದಲ್ಲಿ ನಡುಭಾಗಂ ದೋಣಿ ಗೆದ್ದಿತು. ಪ್ರಧಾನಿ ಭದ್ರತೆಯನ್ನೂ ಮರೆತು ಅದೇ ದೋಣಿ ಹತ್ತಿದರು, ಆಮೇಲೆ ದಿಲ್ಲಿಯಿಂದ ಬೆಳ್ಳಿಯ ಟ್ರೋಫಿ ಕಳಿಸಿದರು. ಅದೇ ಇಂದಿನ ನೆಹರೂ ಟ್ರೋಫಿ. ಕಾಸರಗೋಡು ಜಿಲ್ಲೆಯ ತೇಜಸ್ವಿನಿ ಹೊಳೆಯಲ್ಲೂ ಜಲೋತ್ಸವದ ದೋಣಿಗಳು ಓಡುತ್ತವೆ. ನೂರು ಜನ ಹುಟ್ಟು ಹಾಕುವಲ್ಲಿ ತಾಳ ಹಿಡಿಯಲು ಹಾಡು ಬೇಕು. ಅಲ್ಲಿ ವಂಚಿಪಾಟ್ಟು ಬೆಳೆಯಿತು. ನಮ್ಮ ಅಂಬಿಗ ಒಬ್ಬನೇ. ಅವನಿಗೆ ಯಾರ ಜೊತೆ ತಾಳ ಕೂಡಿಸಬೇಕಿದೆ?

ಸಿಂಧನೂರಿಗೆ ಬಂದ ಪದ್ಮಾ ತೀರದವರು

ಉದ್ದ ದೋಣಿಯ ನೆನಪು ಈ ಸೀಮೆಗೆ ಬಂದದ್ದು ನೀರಿನ ದಾರಿಯಿಂದಲ್ಲ. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿಗೆ ಸಿಂಧನೂರು ಬಳಿ ಪುನರ್ವಸತಿ ಕಲ್ಪಿಸಲಾಯಿತು. ಊರವರ ಬಾಯಲ್ಲಿ ಇಂದಿಗೂ ಅವು ‘ಆರ್‌ಎಚ್ ಕ್ಯಾಂಪು’ಗಳೇ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ನಡುವೆ ಬಂಗಾಳಿ ಮಾತು, ದುರ್ಗಾಪೂಜೆ, ಮೀನಿನ ಅಂಗಡಿ.

ಆ ಹಿರಿಯರು ಬಿಟ್ಟುಬಂದದ್ದು ನದಿಗಳ ಬಲೆಯಲ್ಲಿ ಬದುಕುವ ನಾಡು. ಅಲ್ಲಿ ಮಳೆಗಾಲ ಕಳೆದರೆ ‘ನೌಕಾ ಬೈಚ್’. ಊರಿಗೊಂದು ಉದ್ದ ದೋಣಿ, ಸಾಲಾಗಿ ಕೂತ ಹುಟ್ಟಿನವರು, ಏಟಿಗೆ ತಕ್ಕಂತೆ ಎತ್ತರಿಸಿ ಇಳಿಸುವ ‘ಸಾರಿ’ ಹಾಡು. ಡ್ರ್ಯಾಗನ್ನಿನ ತಲೆ ಇಲ್ಲ ಎಂಬುದೊಂದನ್ನು ಬಿಟ್ಟರೆ ಆಟದ ಮೂಲಸೂತ್ರ ಅದೇ. ಸಿಂಧನೂರಿನಲ್ಲಿ ಅವರಿಗೆ ಭೂಮಿ ಸಿಕ್ಕಿತು, ಕಾಲುವೆ ನೀರೂ ಸಿಕ್ಕಿತು. ದೋಣಿ ಓಡಿಸುವಷ್ಟು ಅಗಲದ ನೀರು ಸಿಗಲಿಲ್ಲ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಭತ್ತಕ್ಕೆ ಸೈ. ಅದರ ಸೆಳವಿಗೆ, ಜಾರುವ ಇಳಿಜಾರಿಗೆ ಸಿಕ್ಕವರು ಮೇಲೆ ಬರುವುದು ಕಷ್ಟ. ಈಜಲು ಇಳಿದ ಮಕ್ಕಳನ್ನು ಕಾಲುವೆ ನುಂಗಿದ ಸುದ್ದಿ ಬೇಸಿಗೆ ರಜೆಯಲ್ಲಿ ಎಷ್ಟು ಸಲ ಓದಿದ್ದೇವೆ.

ಪಂದ್ಯ ಇಲ್ಲಿ ನಡೆದೀತೇ?

ಹುಟ್ಟಿನ ಪಂದ್ಯ ನಮಗೆ ಪೂರ್ತಿ ಹೊಸದೇನಲ್ಲ. ಹಂಪಿ ಉತ್ಸವದ ಅಂಗವಾಗಿ ಕಮಲಾಪುರ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆಸಿದ್ದುಂಟು. ಇದೇ ಎಡದಂಡೆಯ ನೀರು ನಿಲ್ಲುವ, ಆನೆಗೊಂದಿ ಬಳಿಯ ಸಾಣಾಪುರ ಕೆರೆಯಲ್ಲಿ ಹರಿಗೋಲು ಪ್ರವಾಸಿಗರ ಆಟಿಕೆಯಾಗಿದೆ. ಬೇಕೆಂದೇ ಗಿರಗಿರ ತಿರುಗಿಸಿ ತಲೆಸುತ್ತು ಬರಿಸಿದರೆ ಕಿರುಚಾಟ, ಸೆಲ್ಫಿ. ವೇಲ್ಸ್‌ನ ಕಿಲ್ಗೆರನ್ ಎಂಬ ಹಳ್ಳಿಯವರು ತಮ್ಮ ಬುಟ್ಟಿ ದೋಣಿಗಳ ಪಂದ್ಯವನ್ನೇ ಪ್ರತಿ ಆಗಸ್ಟ್‌ನಲ್ಲಿ ಊರ ಹಬ್ಬ ಮಾಡಿಕೊಂಡಿದ್ದಾರೆ. ಜಲದುರ್ಗಕ್ಕೆ ಅದು ಏಕೆ ಹೊಳೆಯಲಿಲ್ಲವೋ.

ಡ್ರ್ಯಾಗನ್ ದೋಣಿಗೆ ಬೇಕಾದದ್ದು ಸೆಳವಿಲ್ಲದ ನೇರ ನೀರು. ಓಟ 500 ಮೀಟರಿನದಾದರೂ ನಿಲ್ಲಲು, ತಿರುಗಲು ಇನ್ನಷ್ಟು ಜಾಗ ಬೇಕು. ಆಳವೂ ಬೇಕು, ತೀರಾ ತೆಳು ನೀರಿನಲ್ಲಿ ದೋಣಿಯೇ ಎಬ್ಬಿಸಿದ ಅಲೆ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಮಸ್ಕಿಯಲ್ಲಿ ಮಾರಲದಿನ್ನಿಯ ಮಸ್ಕಿ ನಾಲಾ ಜಲಾಶಯವಿದೆ. ಆದರೆ ನಾರಾಯಣಪುರ ಬಲದಂಡೆಯ (ಎನ್‌ಆರ್‌ಬಿಸಿ) 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತ ತಾಲ್ಲೂಕು ಅದು. ಅಲ್ಲಿ ನೀರಿನ ಮೇಲೆ ಆಟ ಎಂದರೆ ಜನ ಮುಖ ನೋಡಿಯಾರು. ತುರ್ವಿಹಾಳದ ಕೆರೆ ಸಿಂಧನೂರಿನ ಕುಡಿಯುವ ನೀರಿಗೆ ಮೀಸಲು. ಉಳಿದದ್ದು ಲಿಂಗಸುಗೂರಿನ ಪಕ್ಕದಲ್ಲೇ ಇರುವ ಬಸವಸಾಗರದ ಹಿನ್ನೀರು: ಅಗಲ, ಆಳ, ಮಳೆಗಾಲ ಕಳೆದ ಮೇಲೆ ಶಾಂತ. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಮಾತ್ರ ಸಂಘಟಕರು ಮರೆಯುವಂತಿಲ್ಲ. ಚುರುಕಾಗಿ ಹುಟ್ಟು ಹಾಕಲು ಇದಕ್ಕಿಂತ ಒಳ್ಳೆಯ ಪ್ರೇರಣೆ ಬೇಕೇ ಎಂದು ತಮಾಷೆ ಮಾಡಬಹುದು; ಜೀವರಕ್ಷಕ ಜಾಕೆಟ್ ತಮಾಷೆಯಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುರ್ದ ನಡುಗಡ್ಡೆಯ ಜನರಿದ್ದ ತೆಪ್ಪ ಮಗುಚಿ ಕೆಲವರು ಕೊಚ್ಚಿಹೋದಾಗ ಅವರ ಮೈಮೇಲೆ ಅಂಥದ್ದೊಂದು ಇದ್ದಿದ್ದರೆ ಎಂದು ಅನ್ನಿಸದೆ ಇರದು.

ಇನ್ನು ತಂಡ. ತಾಲೀಮಿಗೆ ಮೊದಲ ದಿನವೇ ದೋಣಿ ಬೇಕಿಲ್ಲ. ದಡದಲ್ಲಿ ಬೆಂಚು ಹಾಕಿ, ಕೋಲು ಹಿಡಿದು, ಒಬ್ಬರ ಬೆನ್ನು ಒಬ್ಬರು ನೋಡುತ್ತ ತಿರುಚು-ಬಿಚ್ಚು ಅಭ್ಯಾಸ ಮಾಡಬಹುದು. ಕಾಲೇಜು ಹುಡುಗ ಹುಡುಗಿಯರು ಇಪ್ಪತ್ತು ಜನ ಸಿಕ್ಕಾರು. ಕ್ಯಾಂಪಿನ ಹಿರಿಯರಲ್ಲಿ ಸಾರಿ ಹಾಡು ನೆನಪಿರುವವರು ಸಿಕ್ಕರೆ ಡೋಲಿನ ಜಾಗಕ್ಕೆ ಅವರೇ ಸರಿ.

ಅಂಬಿಗನನ್ನು ಎಲ್ಲಿ ಕೂರಿಸುವುದು? ಎಂಜಿನ್ ಕೋಣೆಯಲ್ಲಂತೂ ಬೇಡ. ಅಲ್ಲಿ ಕೂತರೆ ಅವನ ಕೈ ಸುಮ್ಮನಿರುವುದಿಲ್ಲ. ದೋಣಿ ಕೂದಲೆಳೆಯಷ್ಟು ಓರೆಯಾದರೂ ಅದನ್ನು ಸರಿಪಡಿಸಲು ಹುಟ್ಟನ್ನು ತುಸು ತಿರುಗಿಸುತ್ತಾನೆ. ಬದುಕಿಡೀ ಮಾಡಿದ್ದು ಅದನ್ನೇ. ಪಂದ್ಯದ ದೋಣಿಯಲ್ಲಿ ಹುಟ್ಟಿನ ಇಪ್ಪತ್ತು ಜನ ದಿಕ್ಕಿನ ಚಿಂತೆ ಮಾಡಬಾರದು. ಆ ಚಿಂತೆ ಇರಬೇಕಾದದ್ದು ಒಬ್ಬರಿಗೆ ಮಾತ್ರ. ಹಿಂತುದಿಯಲ್ಲಿ ನಿಂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೀರು ಎಲ್ಲಿ ಮಡುಗಟ್ಟಿದೆ, ಪಕ್ಕದ ದೋಣಿಯ ಅಲೆ ಯಾವಾಗ ಬಂದು ಬಡಿಯುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕಿ ಉದ್ದನೆಯ ಹುಟ್ಟನ್ನು ಒಂದಿಷ್ಟೇ ಒತ್ತುವ ಕೆಲಸ ಅದು. ಬೇರೆ ಊರಿನ ತಂಡಗಳು ಅಂಥ ಒಬ್ಬರನ್ನು ತಯಾರು ಮಾಡಲು ವರ್ಷಗಟ್ಟಲೆ ಕಷ್ಟಪಡುತ್ತವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ದಡಕ್ಕೊಬ್ಬರು ಸಿಗುತ್ತಾರೆ.